ಮದುಮಗನ ಕೈಯ ಕಾಲುವೆ ಚಾಕು

ಕಾಲುವೆಗೆ ನೀರು ಬಂದ ಮೇಲೆ ಶಹಾಪುರದ ಜನಕ್ಕೆ ಚಂದದ ಹುಚ್ಚು ಹಿಡಿದಿದೆ ಎಂಬುದು ಸೂಗಪ್ಪನ ಖಚಿತ ಅಭಿಪ್ರಾಯ. ಜೋಳ ಬೆಳೆಯುತ್ತಿದ್ದವರು ಭತ್ತ ಬೆಳೆದರು, ಅದಕ್ಕೆ ಅವನ ತಕರಾರಿಲ್ಲ. ಭತ್ತಕ್ಕೆ ಗೊಬ್ಬರ ಬೇಕು, ಗೊಬ್ಬರದ ಅಂಗಡಿ ಅವನದೇ. ಆದರೆ ಭತ್ತ ಬೆಳೆದವರು ಅಷ್ಟಕ್ಕೇ ಸುಮ್ಮನಿರಬೇಕೋ ಬೇಡವೋ? ಎತ್ತಿನ ಕೊಂಬಿಗೆ ಬಣ್ಣ ಹೊಡೆಯುತ್ತಿದ್ದವರು ಬಂಡಿಯ ಗಾಲಿಗೂ ಹೊಡೆದರು. ಬಚ್ಚಲಿಗೆ ಹಾಕುವ ನುಣ್ಣನೆಯ ಕಲ್ಲನ್ನು ತಂದು ಮನೆಯ ಮುಂಗೋಡೆಗೆ ಹಾಕಿದರು. "ಇನ್ನ ಎಮ್ಮಿಗೆ ಪೌಡರ್ ಹಚ್ಚೂದೊಂದು ಉಳದದ ನೋಡು," ಎಂದು ಸೂಗಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಬಂದವರು ಹೌದು ಹೌದು ಎನ್ನುತ್ತಿದ್ದರು. ಗೊಬ್ಬರ ಉದ್ರಿ ಬೇಕಾದವರು ಎರಡು ಸಲ ಹೆಚ್ಚಿಗೆ ಅನ್ನುತ್ತಿದ್ದರು.

ಸೂಗಪ್ಪನ ಸಿದ್ಧಾಂತ ಒಂದೇ ಸಾಲಿನದು: ಸಾಮಾನು ಕೆಲಸ ಮಾಡಬೇಕು, ಮುಖ ನೋಡಿ ಮುದ್ದಾಡಲಿಕ್ಕೆ ಅದೇನು ಕೂಸಲ್ಲ. ಈ ಸಿದ್ಧಾಂತಕ್ಕೆ ಸಾಕ್ಷಿಯಾಗಿ ಅವನ ಕಿಸೆಯಲ್ಲಿ ಹನ್ನೆರಡು ವರ್ಷದಿಂದ ಒಂದು ಮಡಚುವ ಚಾಕು ವಾಸವಾಗಿತ್ತು. ಕಾಲುವೆ ಅಗಿಯಲು ಬಂದಿದ್ದ ದೊಡ್ಡ ಯಂತ್ರದ ಉಕ್ಕಿನ ಪಟ್ಟಿಯೊಂದು ಮುರಿದು ಬಿದ್ದಿತ್ತಂತೆ. ಅದರ ತುಂಡನ್ನು ಹುಡುಕಿ ತಂದು ಕಮ್ಮಾರನ ಮುಂದೆ ಕೂತು ಮಾಡಿಸಿದ್ದು. ಅದಕ್ಕೇ ಅದರ ಹೆಸರು ಕಾಲುವೆ ಚಾಕು. "ಇನ್ನೊಂದು ದಿನ ಬಿಡ್ರಿ ಸಾಹುಕಾರ್ರ, ಅಂಚು ಉಜ್ಜಿ, ಮೊಳಿ ತಟ್ಟಿ, ನುಣ್ಣಗ ಮಾಡಿ ಕೊಡ್ತೀನಿ," ಎಂದು ಆ ಕಮ್ಮಾರ ಪಾಪ ಕೇಳಿಕೊಂಡಿದ್ದ. "ಕೊಯ್ತದಿಲ್ಲೋ? ಕೊಯ್ತದಲ್ಲ, ಸಾಕು ತಾ," ಎಂದು ಸೂಗಪ್ಪ ಬಿಸಿ ಆರುವ ಮೊದಲೇ ಕಸಿದುಕೊಂಡು ಬಂದಿದ್ದ.

ಹೀಗಾಗಿ ಅದು ಅರ್ಧಕ್ಕೆ ಶಾಲೆ ಬಿಟ್ಟ ಚಾಕು. ಜಾಲಿ ಕಟ್ಟಿಗೆಯ ಹಿಡಿಯ ಎರಡು ಹೋಳುಗಳು ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಮುಖ ಕೊಡುತ್ತಿರಲಿಲ್ಲ. ಅಲಗು ಬಿಚ್ಚಿದರೆ ಗಡಗಡ ಅಲ್ಲಾಡುತ್ತಿತ್ತು, ಮಡಚಿದರೆ ಎಡಕ್ಕೆ ವಾಲುತ್ತಿತ್ತು. ಹಿಡಿಯ ನಡುವಿನ ಮೊಳೆಯ ತಲೆ ಹೊರಗೆ ಬಂದು, ಅದರ ಅಂಚು ಮುಳ್ಳಿನ ಹಾಗೆ ಸೆಟೆದು ನಿಂತಿತ್ತು. ಆದರೆ ಕೊಯ್ಯುವ ಮಾತಿಗೆ ಬಂದರೆ, ಇದ್ದದ್ದು ಇದ್ದ ಹಾಗೆ ಹೇಳಬೇಕು, ಚೀಲದ ಹೊಲಿಗೆ ಇರಲಿ, ಹಗ್ಗ ಇರಲಿ, ನೀರಿನ ಪೈಪು ಇರಲಿ, ಒಂದೇ ಎಳೆತಕ್ಕೆ ಎರಡು.

ಹಗ್ಗದ ಜೊತೆಗೆ ಅದು ಕಿಸೆಯನ್ನೂ ಕೊಯ್ಯುತ್ತಿತ್ತು ಎಂಬುದು ಸೂಗಪ್ಪನ ಹೆಂಡತಿ ಭಾಗಮ್ಮನ ತಕರಾರು.

"ಯುಗಾದಿಯಿಂದ ಇಲ್ಲಿತನ ಹದಿನಾಲ್ಕು ಕಿಸಿ ಹೊಲಿದೇನ್ರಿ," ಎಂದಳು ಭಾಗಮ್ಮ ಒಂದು ಬೆಳಿಗ್ಗೆ, ಸೂಜಿಗೆ ದಾರ ಪೋಣಿಸುತ್ತ. "ಗಂಡನ ಜೋಡಿ ಸಂಸಾರ ಮಾಡಾಕತ್ತೇನೋ, ಗಂಡನ ಕಿಸಿ ಜೋಡಿ ಮಾಡಾಕತ್ತೇನೋ ತಿಳೀವಲ್ದು."

"ಅರಿವಿ ಸರಿ ಇಲ್ಲ. ಈಗಿನ ಅರಿವಿ ಎಲ್ಲಾ ನಾಜೂಕು ಆಗ್ಯಾವ."

"ಅರಿವಿ ಸರಿ ಇಲ್ಲ, ದಾರ ಸರಿ ಇಲ್ಲ, ಹೊಲಿಯೋಳು ಸರಿ ಇಲ್ಲ. ಚಾಕು ಒಂದೇ ಸರಿ ಅದ."

"ಈಗ ತಿಳೀತು ನೋಡು ನಿನಗ," ಎಂದ ಸೂಗಪ್ಪ, ಬಹಳ ಸಮಾಧಾನದಿಂದ.

ಆ ತೂತಿನಿಂದ ಏನೇನು ಬಿದ್ದಿರಲಿಲ್ಲ! ಅಂಗಡಿಯ ಕೀಲಿ ಎರಡು ಸಲ, ವಿಭೂತಿ ಗಟ್ಟಿ ಲೆಕ್ಕವಿಲ್ಲದಷ್ಟು ಸಲ. ಒಮ್ಮೆಯಂತೂ ಯಾದಗಿರಿಯಲ್ಲಿ ಕೀಳಿಸಿಕೊಂಡ ಸ್ವಂತ ದವಡೆ ಹಲ್ಲನ್ನು ಮನೆಯವರಿಗೆ ತೋರಿಸೋಣವೆಂದು ಕಾಗದದಲ್ಲಿ ಸುತ್ತಿ ತಂದಿದ್ದ, ಅದೂ ಬಸ್ಸಿನಲ್ಲೇ ಉಳಿದುಕೊಂಡಿತು. (ಕಂಡಕ್ಟರನಿಗೆ ಸಿಕ್ಕಿರಬೇಕು. ಅವನು ಏನೆಂದುಕೊಂಡನೋ ದೇವರೇ ಬಲ್ಲ.) ಇಷ್ಟಾದರೂ ಸೂಗಪ್ಪನ ಆತ್ಮವಿಶ್ವಾಸದಲ್ಲಿ ಒಂದು ತೂತೂ ಬಿದ್ದಿರಲಿಲ್ಲ.

ಮಗ ಶರಣುವಿನ ಮದುವೆ ಗೊತ್ತಾಗಿತ್ತು. ಹೆಣ್ಣು ಸಗರದ ಚಂದಮ್ಮ. ಮದುವೆಗೆ ನಾಲ್ಕು ದಿನ ಮುಂಚೆ ಭಾಗಮ್ಮನ ತಮ್ಮ ಅಯ್ಯಣ್ಣ ಯಾದಗಿರಿಯಿಂದ ಬಂದಿಳಿದ. ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸೆಲ್ ಬರೆದುಕೊಳ್ಳುವ ಗುಮಾಸ್ತ. ಇಸ್ತ್ರಿಯ ಗೆರೆ ಮುರಿದೀತೆಂದು ಬಸ್ಸಿನಲ್ಲಿ ಸೀಟಿದ್ದರೂ ನಿಂತು ಬರುವ ಆಸಾಮಿ. ಚಹಾ ಕುಡಿದವನೇ ಕಿಸೆಯಿಂದ ಕರವಸ್ತ್ರ ತೆಗೆದು, ಅದರ ಮಡಿಕೆ ಬಿಚ್ಚಿ, ಒಳಗಿನಿಂದ ಒಂದು ಚಾಕು ತೆಗೆದು ಅಕ್ಕನ ಮುಂದೆ ಇಟ್ಟ.

ಕರೀ ಕೋಡಿನ ಹಿಡಿ, ಎರಡು ತುದಿಗೂ ಹಿತ್ತಾಳೆ. ಕೋಡು ಎಲ್ಲಿ ಮುಗಿದು ಹಿತ್ತಾಳೆ ಎಲ್ಲಿ ಶುರುವಾಗುತ್ತದೆ ಎಂದು ಕಣ್ಣು ಮುಚ್ಚಿ ಬೆರಳು ಸವರಿದರೆ ಗೊತ್ತೇ ಆಗುತ್ತಿರಲಿಲ್ಲ. ಅಲಗು ಬೆರಳಿನ ಒಂದು ಒತ್ತಿಗೆ ಬಿಚ್ಚಿಕೊಳ್ಳುತ್ತಿತ್ತು, ಮಡಚಿದರೆ ಟಕ್ ಎಂದು ಸರಿಯಾಗಿ ನಟ್ಟನಡುವೆ ಹೋಗಿ ಮಲಗುತ್ತಿತ್ತು.

"ಮುಂಬೈದಾಗ ಕೊಂಡದ್ದು ಅಕ್ಕಾ. ಹಿಡಿ ಸಂದಿನ್ಯಾಗ ಉಗುರು ಸುದ್ದಾ ಹೋಗೂದಿಲ್ಲ ನೋಡು."

ಭಾಗಮ್ಮ ಅದನ್ನು ಕೈಯಲ್ಲಿ ಹಿಡಿದು ಗಂಡನನ್ನು ನೋಡಿದಳು. ಆ ನೋಟದಲ್ಲಿ ಹದಿನಾಲ್ಕು ಕಿಸೆಗಳಿದ್ದವು.

"ಉಗುರು ಹೋಗೂದಿಲ್ಲ, ಖರೆ," ಎಂದ ಸೂಗಪ್ಪ. "ಚೀಲದ ಹೊಲಿಗಿ ಹೋಗ್ತದೇನು? ಬಾ ಅಯ್ಯಣ್ಣ, ಅಂಗಡಿಗೆ ಬಾ."

ಅಂಗಡಿಯಲ್ಲಿ ಐದಾರು ಜನ ರೈತರಿದ್ದರು. ಸೂಗಪ್ಪ ಒಂದು ಗೊಬ್ಬರದ ಚೀಲ ಎಳೆದು, ಕಾಲುವೆ ಚಾಕು ಬಿಚ್ಚಿ, ಸರ್ರನೆ ಹೊಲಿಗೆ ಹರಿದ. ಆಮೇಲೆ ಎರಡನೆಯ ಚೀಲ ಮೈದುನನ ಮುಂದಿಟ್ಟು ಸರಿದು ನಿಂತ. ಅಯ್ಯಣ್ಣ ಚಾಕು ಬಿಚ್ಚಿದ. ಚೀಲ ನೋಡಿದ. ಚಾಕು ನೋಡಿದ. ಚೀಲದ ಮೇಲಿನ ಧೂಳು, ಗೊಬ್ಬರದ ಹರಳು ಎಲ್ಲ ನೋಡಿದ.

"ಗೆರಿ ಬೀಳ್ತಾವ ಮಾಮಾ," ಎಂದ ಮೆಲ್ಲಗೆ.

ಅಂಗಡಿ ತುಂಬ ನಗು. ಸೂಗಪ್ಪ ನಗಲಿಲ್ಲ. ಗೆದ್ದವರು ನಗಬಾರದು, ಗಂಭೀರವಾಗಿರಬೇಕು ಎಂದು ಅವನಿಗೆ ಗೊತ್ತಿತ್ತು. "ನಿನ್ನ ಚಾಕು ಚಾಕು ಅಲ್ಲೋ ತಮ್ಮಾ, ಹೊಸ ಅಳಿಯ. ಕೂಡಿಸಿ ಉಣ್ಣಾಕ ಹಾಕಬೇಕು, ಕೆಲಸ ಹೇಳಬಾರದು," ಎಂದಷ್ಟೇ ಹೇಳಿ ಸಂಜೆಯ ತನಕ ಗಂಭೀರವಾಗಿದ್ದ.

ಅಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಗೆಲುವು ಎಂಬುದು ಹೆಂಡದ ಹಾಗೆ, ಒಂದು ಗುಟುಕಿಗೆ ನಿಲ್ಲುವವರು ಕಡಿಮೆ.

ಆ ಕಡೆಯ ಮದುವೆಗಳಲ್ಲಿ ಅರಿಷಿಣ ಹಚ್ಚಿದ ಗಳಿಗೆಯಿಂದ ತಲೆಯ ಮೇಲೆ ಅಕ್ಕಿಕಾಳು ಬೀಳುವ ತನಕ ಮದುಮಗ ಕೈಯಲ್ಲಿ ಚಾಕು ಹಿಡಿದಿರಬೇಕು, ಅದರ ತುದಿಗೆ ಒಂದು ನಿಂಬೆಹಣ್ಣು ಚುಚ್ಚಿರಬೇಕು. ಉಣ್ಣುವಾಗ, ಮಲಗುವಾಗ, ಕೊನೆಗೆ ಬಯಲಿಗೆ ಹೋಗುವಾಗಲೂ ಅದನ್ನು ಕೈಬಿಡುವಂತಿಲ್ಲ. ಬಿಟ್ಟರೆ ಗಾಳಿ ಸೋಕುತ್ತದೆ, ಅಪಶಕುನ. ಸೂಗಪ್ಪನ ಮನೆತನದಲ್ಲಿ ಇದಕ್ಕೆಂದೇ ಅಜ್ಜನ ಕಾಲದ ಒಂದು ಕಠಾರಿ ಇತ್ತು. ಆದರೆ ಅದು ಸುರಪುರದ ದೊಡ್ಡಪ್ಪನ ಮನೆಯಲ್ಲಿ. ಆ ವಾರ ಅವರ ಮನೆಯಲ್ಲೂ ಮದುವೆ, ಅವರ ಮದುಮಗ ಆಗಲೇ ಅದನ್ನು ಹಿಡಿದು ಕೂತಿದ್ದ. ಅವನು ಬಿಡುವಂತಿಲ್ಲ, ಇವನಿಗೆ ಸಿಗುವಂತಿಲ್ಲ.

"ಅಯ್ಯಣ್ಣನ ಚಾಕು ಅದಲ್ಲ," ಎಂದಳು ಭಾಗಮ್ಮ. "ಬೀಗರ ಮುಂದ ಚಂದ ಕಾಣ್ತದ. ಕೂಸಿನ ಕೈಗೂ ಹಗುರ."

"ಯಾಕ? ನಂದೇನು ಸತ್ತದ?"

"ಅದನ್ನ? ಮದಿಮಗನ ಕೈಯಾಗ? ಅಯ್ಯ ಶಿವನ!"

"ಯಾಕ ಹಂಗಂತಿ? ಈ ಮನಿ ಕಟ್ಟಿದ ಚಾಕು ಅದು. ನಾಳೆ ನನ್ನ ಮಗ ಅಂಗಡ್ಯಾಗ ಕೂಡಾಂವ. ಕೆಲಸದ ಚಾಕು ಹಿಡಿದು ಮದಿವಿ ಆಗಲಿ. ತೋರಿಕಿ ಚಾಕು ಯಾಕ ಬೇಕು?"

"ಅಪ್ಪಾ, ಅದು ಕೈಗೆ ಚುಚ್ಚತದ," ಎಂದ ಶರಣು. ಮದುವೆಯ ಮಾತಿನಲ್ಲಿ ಮದುಮಗನ ಮಾತು ಯಾರು ಕೇಳುತ್ತಾರೆ? ಇಲ್ಲೂ ಕೇಳಲಿಲ್ಲ.

ಹೆಂಡತಿಯ ಮುಖದಲ್ಲಿ ಇನ್ನೂ ಒಪ್ಪಿಗೆ ಕಾಣದ್ದರಿಂದ ಸೂಗಪ್ಪ ಎದ್ದು ನಿಂತ. ನಿಂತು ಆಡುವ ಮಾತು ಕೂತು ಆಡುವ ಮಾತಿಗಿಂತ ದೊಡ್ಡದಾಗುತ್ತದೆ, ಅದೇ ತಪ್ಪಾಯಿತು. "ಕೇಳಿಲ್ಲೆ ಭಾಗಿ. ನನ್ನ ಚಾಕುವಿನಿಂದ ಈ ಮದಿವ್ಯಾಗ ಒಂದು ಎಳಿಯಷ್ಟು ತೊಂದರಿ ಆಗಲಿ, ಅವತ್ತೇ ಅದನ್ನ ನಿನ್ನ ಕೈಗೆ ಕೊಡ್ತೀನಿ. ಆಮ್ಯಾಲೆ ನೀ ಯಾವ ಚಾಕು ನನ್ನ ಕಿಸ್ಯಾಗ ಹಾಕ್ತಿಯೋ ಅದೇ ನನಗ. ನೀ ಕೊಡದ ಚಾಕು ಮುಟ್ಟಿದ್ರ ನಾ ಸೂಗಪ್ಪ ಅಲ್ಲ!"

"ಅಯ್ಯಣ್ಣ, ಕೇಳಿಸ್ಕೊಂಡಿ?" ಎಂದಳು ಭಾಗಮ್ಮ.

"ಕೇಳಿಸ್ತು ಅಕ್ಕಾ," ಎಂದ ತಮ್ಮ.

ಅರಿಷಿಣದ ದಿನ ಕಾಲುವೆ ಚಾಕು ಶರಣುವಿನ ಕೈ ಸೇರಿತು. ನಿಂಬೆಹಣ್ಣು ಚುಚ್ಚಿದ್ದೇ ತಡ, ಅಲಗು ಸಡಿಲವಿದ್ದದ್ದರಿಂದ ಹಣ್ಣು ಒಂದೇ ಸಮನೆ ತಲೆ ಅಲ್ಲಾಡಿಸತೊಡಗಿತು. ಮದುಮಗ ಹೂಂ ಎಂದರೂ ನಿಂಬೆಹಣ್ಣು ಒಲ್ಲೆ ಒಲ್ಲೆ ಎನ್ನುತ್ತಿರುವ ಹಾಗೆ ಕಾಣುತ್ತಿತ್ತು.

ಸೂಗಪ್ಪ ಅದನ್ನು ಗಮನಿಸಲಿಲ್ಲ. ಅವನಿಗೆ ಬೇರೆಯೇ ಫಜೀತಿ ಎದುರಾಗಿತ್ತು. ಹಂದರದ ಹಗ್ಗ ಕೊಯ್ಯಬೇಕು ಎಂದು ಯಾರೋ ಕೂಗಿದರು. ಅವನ ಕೈ ಕಿಸೆಗೆ ಹೋಯಿತು, ಕಿಸೆ ಖಾಲಿ. ಬಾಳೆಗೊನೆ ಇಳಿಸಬೇಕು ಎಂದರು, ಮತ್ತೆ ಕೈ ಹೋಯಿತು, ಮತ್ತೆ ಖಾಲಿ. ಸಕ್ಕರೆ ಚೀಲ, ಹೂವಿನ ದಾರ, ಎಲೆಯ ಕಟ್ಟು. ಮದುವೆಮನೆ ಎಂದರೆ ಅರ್ಧ ಕಟ್ಟುವುದು, ಅರ್ಧ ಕೊಯ್ಯುವುದು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಸೂಗಪ್ಪ ತನ್ನ ಮನೆಯಲ್ಲೇ ಕೈ ಕಟ್ಟಿಸಿಕೊಂಡವನ ಹಾಗೆ ನಿಂತ.

"ತೊಗೋರಿ ಮಾಮಾ," ಎಂದು ಅಯ್ಯಣ್ಣ ಕರವಸ್ತ್ರ ಬಿಚ್ಚಿ ತನ್ನ ಚಾಕು ಮುಂದೆ ಹಿಡಿದ. "ಹಂದರದ ಹಗ್ಗಕ್ಕ ಅಷ್ಟ ಆಗಲಿ. ಸ್ವಲ್ಪ ಜ್ವಾಕಿ."

"ಇರ್ಲಿ ಕೊಡು, ಒಂದು ಸಲಕ್ಕ ಏನಾಗ್ತದ," ಎಂದು ಸೂಗಪ್ಪ ಉಪಕಾರ ಮಾಡುವವನಂತೆ ತೆಗೆದುಕೊಂಡ.

ಹಗ್ಗ ಕೊಯ್ದ. ಅದೇನು, ಹಗ್ಗ ತಾನೇ ಕೊಯ್ಯಿಸಿಕೊಂಡಿತು. ಬೆರಳಿಗೆ ಏನೂ ಚುಚ್ಚಲಿಲ್ಲ. ಅಂಗೈಯಲ್ಲಿ ಏನೂ ಅಲ್ಲಾಡಲಿಲ್ಲ. ಸೂಗಪ್ಪ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಅಲ್ಲಿ, ಹೆಬ್ಬೆರಳ ಬುಡದಲ್ಲಿ, ಹನ್ನೆರಡು ವರ್ಷದಿಂದ ಒಂದು ಗಟ್ಟಿ ಗಂಟು ಇತ್ತು. ಅದು ಹುಟ್ಟಿದಾಗಿನಿಂದ ಇದ್ದದ್ದು ಎಂದೇ ಅವನು ತಿಳಿದುಕೊಂಡಿದ್ದ.

ಚಾಕು ಮಡಚಿದ. ಟಕ್. ಸುತ್ತ ನೋಡಿದ. ಯಾರೂ ಇರಲಿಲ್ಲ. ಇನ್ನೊಮ್ಮೆ ಬಿಚ್ಚಿ ಮಡಚಿದ. ಟಕ್.

ಹೇಳಬಾರದು, ಆದರೂ ಹೇಳಬೇಕು: ಐವತ್ತೆರಡನೆಯ ವಯಸ್ಸಿನಲ್ಲಿ, ಮಗನ ಮದುವೆಯ ಹಂದರದ ಕೆಳಗೆ, ಸೂಗಪ್ಪನಿಗೆ ಪ್ರೇಮವಾಯಿತು. ಹಗ್ಗದ ಕೆಲಸ ಮುಗಿಯಿತು, ಚಾಕು ಮರಳಲಿಲ್ಲ. ಬಾಳೆಗೊನೆ ಆಯಿತು, ಮರಳಲಿಲ್ಲ. ಆ ದಿನ ಜೋಳದ ಚೀಲದ ಕೋಣೆಗೆ ಅವನು ಏಳು ಸಲ ಹೋದ. ಜೋಳ ತರಲಿಕ್ಕಲ್ಲ, ಬಾಗಿಲು ಮುಂದೆ ಮಾಡಿಕೊಂಡು ಟಕ್ ಅನ್ನಿಸಲಿಕ್ಕೆ.

ಮರುದಿನ ಅಯ್ಯಣ್ಣ ಕೇಳಿದ. "ಮಾಮಾ, ನನ್ನ ಚಾಕು?"

"ಕೊಟ್ಟಿದ್ನಲ್ಲೋ."

"ಇಲ್ರಿ, ಕೊಟ್ಟಿಲ್ಲ."

"ಹಂಗಾರ ಎಲ್ಲೋ ಇಟ್ಟೀನಿ ಮಾರಾಯ, ಮದಿವಿ ಗದ್ದಲದಾಗ. ಹುಡುಕೂಣು ತಡಿ."

ಹುಡುಕಿದರು. ಅಯ್ಯಣ್ಣ ಹುಡುಕಿದ, ಭಾಗಮ್ಮ ಹುಡುಕಿದಳು, ಬಂದ ಹೆಣ್ಣುಮಕ್ಕಳು ಅಕ್ಕಿ ಕೇರುವುದು ಬಿಟ್ಟು ಅಕ್ಕಿಯೊಳಗೆ ಕೈಯಾಡಿಸಿ ಹುಡುಕಿದರು. ಎಲ್ಲರಿಗಿಂತ ಹೆಚ್ಚು ಹುಡುಕಿದವನು ಸೂಗಪ್ಪ. ಮಂಚದ ಕೆಳಗೆ ಬಗ್ಗಿದ, ಅಟ್ಟ ಹತ್ತಿದ, "ಹಾಳಾದದ್ದು ಎಲ್ಲಿ ಹೋಯ್ತು" ಎಂದು ಬೈದ. ಬಗ್ಗಿದಾಗೆಲ್ಲ ಕಿಸೆಯ ಚಾಕು ತೊಡೆಗೆ ಮೆತ್ತಗೆ ಒರಗುತ್ತಿತ್ತು, ಅವನಿಗೆ ಹಿತವಾಗುತ್ತಿತ್ತು. ಮದುವೆ ಮುಗಿದ ದಿನ ಜೋಳದ ಚೀಲದ ಹಿಂದೆ ಸಿಕ್ಕಿತು ಎಂದು ಹೇಳಿ ಕೊಟ್ಟುಬಿಡುವುದು ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿದ್ದ. ಕಳ್ಳತನವಲ್ಲ, ಮೂರು ದಿನದ ಮಾತು. ಮೂರು ದಿನದಲ್ಲಿ ಕಿಸೆ ಒಂದು ಎಳೆಯೂ ಬಿಚ್ಚಿರಲಿಲ್ಲ, ಅದನ್ನೂ ಅವನು ಗಮನಿಸಿದ್ದ. ಯಾರ ಮುಂದೆ ಹೇಳುವುದು?

ಮದುವೆಯ ದಿನ ದಿಬ್ಬಣ ಸಗರಕ್ಕೆ ಹೋಯಿತು. ಹಂದರದ ಬಾಗಿಲಲ್ಲಿ ಮದುಮಗಳ ತಾಯಿ ಬಸಲಿಂಗಮ್ಮ ಆರತಿ ಹಿಡಿದು ಅಳಿಯನನ್ನು ಎದುರುಗೊಳ್ಳಲು ನಿಂತಿದ್ದಳು. ಇಳಕಲ್ ಸೀರೆ, ಕೆಂಪು ರೇಷ್ಮೆ ಸೆರಗು, ಆ ದಿನಕ್ಕೆಂದೇ ತೆಗೆದದ್ದು. ಆರತಿ ಎತ್ತಿದಳು, ಬಗ್ಗಿ ಅಳಿಯನ ಹಣೆಗೆ ಕುಂಕುಮ ಹಚ್ಚಿದಳು, ಹಿಂದಕ್ಕೆ ತಿರುಗಿ ಒಳಗೆ ನಡೆದಳು.

ಅಳಿಯನೂ ಅವಳ ಬೆನ್ನಿಗೇ ನಡೆದ. ಒಂದು ಕೈ ಮುಂದೆ ಚಾಚಿಕೊಂಡು, ಕಣ್ಣಿ ಕಟ್ಟಿದ ಕರುವಿನ ಹಾಗೆ.

ಅವಳು ನಿಂತಳು, ಅವನೂ ನಿಂತ. ಅವಳು ಎರಡು ಹೆಜ್ಜೆ ಇಟ್ಟಳು, ಅವನೂ ಇಟ್ಟ. ಕಾಲುವೆ ಚಾಕುವಿನ ಮೊಳೆ ಬೀಗಿತಿಯ ಸೆರಗನ್ನು ಹಿಡಿದುಕೊಂಡಿತ್ತು. ಶಹಾಪುರದ ಕಡೆ ಹಿಂಗೊಂದು ಪದ್ಧತಿ ಇರಬೇಕು ಎಂದುಕೊಂಡು ಹೆಣ್ಣಿನ ಕಡೆಯ ಮುದುಕಿಯರು ಸೋಬಾನ ಶುರು ಮಾಡಿಯೇಬಿಟ್ಟರು.

"ಯವ್ವಾ, ನಿಲ್ರಿ, ಸೀರಿ ಸಿಕ್ಕದ!" ಎಂದು ಶರಣು ಕೂಗಿದ ಮೇಲೆಯೇ ಹಾಡು ನಿಂತದ್ದು.

ಶರಣು ಎಳೆದ, ಮೊಳೆ ಇನ್ನಷ್ಟು ಒಳಗೆ ಹೋಯಿತು. ಬಸಲಿಂಗಮ್ಮ ಬಿಡಿಸಲು ನೋಡಿದಳು, ಅಲಗು ಅಲ್ಲಾಡಿ ಹಿಡಿಯ ಸಂದಿನಲ್ಲಿ ಇನ್ನೊಂದು ಪದರು ಸಿಕ್ಕಿತು. ಹನ್ನೆರಡು ವರ್ಷದ ಆ ಸಂದಿಗೆ ಅವತ್ತು ರೇಷ್ಮೆಯ ರುಚಿ ಹತ್ತಿತ್ತು.

"ಚಾಕು ಕೈಬಿಡೋ ಹುಡುಗ," ಎಂದರು ಯಾರೋ.

"ಬಿಡಬ್ಯಾಡ! ಅಕ್ಕಿಕಾಳು ಬಿದ್ದಿಲ್ಲ!" ಎಂದು ಹತ್ತು ಜನ ಕೂಗಿದರು.

"ಹಂಗಾರ ಬೀಗಿತಿ ಸೀರಿ ಬಿಡ್ಲೇನು?" ಎಂದಳು ಬಸಲಿಂಗಮ್ಮ. ಅವಳ ದನಿಯಲ್ಲಿ ಆರತಿಯ ಮೆದುತನ ಉಳಿದಿರಲಿಲ್ಲ.

ಒಳಗೆ ಅಂತರಪಟದ ಆಚೆ ಮದುಮಗಳು ನಿಂತಿದ್ದಳು. ಮದುವೆ ಮಾಡಿಸುವ ಅಯ್ಯನವರು ಗಡಿಯಾರ ನೋಡಿಕೊಂಡರು. "ಮೂರ್ತದ ಗಳಿಗಿ ಹೋಗಾಕತ್ತದ್ರಿ. ಮದಿಮಗ ಅತ್ತಿ ಜೋಡಿ ಗಂಟು ಹಾಕ್ಕೊಂಡು ನಿಂತ್ರ ನಾ ಯಾರಿಗೆ ಮಂತ್ರ ಹೇಳ್ಲಿ?" ಅಡಿಗೆಯವರ ಚಾಕು ತರಲು ಓಡಿದವನು ಅಡಿಗೆಯವರನ್ನೇ ಹುಡುಕುತ್ತಿದ್ದ, ಒಲೆ ಹೂಡಿದ್ದು ಊರಾಚೆಯ ಕಣದಲ್ಲಿ. ಹಲ್ಲಿನಿಂದ ಕಡಿಯುತ್ತೇನೆ ಎಂದು ಶರಣುವಿನ ಗೆಳೆಯನೊಬ್ಬ ಬೀಗಿತಿಯ ಸೆರಗಿಗೆ ಬಾಯಿ ಹಾಕಲು ಹೋಗಿ, ಅವಳ ಕಣ್ಣು ನೋಡಿ ಹಿಂದೆ ಸರಿದ.

ಅಯ್ಯಣ್ಣನ ಚಾಕು ಸೂಗಪ್ಪನ ಕಿಸೆಯಲ್ಲೇ ಇತ್ತು. ತೆಗೆದರೆ ಹೆಂಡತಿ ಇದ್ದಾಳೆ, ಮೈದುನ ಇದ್ದಾನೆ, ಅಕ್ಕಿಯಲ್ಲಿ ಕೈಯಾಡಿಸಿದ ಹೆಂಗಸರೆಲ್ಲ ಇದ್ದಾರೆ. ತೆಗೆಯದಿದ್ದರೆ ಮಗನ ಮುಹೂರ್ತ ಹೋಗುತ್ತದೆ. ಸೂಗಪ್ಪ ಜಂಬದವನಿರಬಹುದು, ಮೊಂಡನಿರಬಹುದು, ಆದರೆ ತಂದೆ. ಮಗನ ಮುಖ ನೋಡಿದ. ಶರಣುವಿನ ಅಂಗೈಯಲ್ಲಿ ಮೊಳೆ ಚುಚ್ಚಿದ ಕಡೆ ಬೊಬ್ಬೆ ಎದ್ದಿತ್ತು, ಮೂರು ದಿನದಿಂದ ಹುಡುಗ ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಸೂಗಪ್ಪನ ಕೈ ಕಿಸೆಗೆ ಹೋಯಿತು.

ಬೆರಳಿನ ಒಂದು ಒತ್ತು. ಅಲಗು ಮಿಂಚಿತು. ನಾಲ್ಕೇ ನಾಲ್ಕು ಎಳೆ, ಎಷ್ಟು ನಯವಾಗಿ ಕೊಯ್ದ ಎಂದರೆ ಸೆರಗಿನಲ್ಲಿ ಹುಡುಕಿದರೂ ಗುರುತು ಸಿಗುವ ಹಾಗಿರಲಿಲ್ಲ. ಅಳಿಯ ಬೇರೆ, ಅತ್ತೆ ಬೇರೆ. ಸೂಗಪ್ಪ ಚಾಕು ಮಡಚಿದ. ಎಲ್ಲರೂ ಉಸಿರು ಹಿಡಿದು ನಿಂತಿದ್ದರಿಂದ ಆ ಟಕ್ ಹಂದರದ ಕೊನೆಯ ತನಕ ಕೇಳಿಸಿತು.

ಅಯ್ಯಣ್ಣನ ಕಣ್ಣು ಅಗಲವಾದವು. ಭಾಗಮ್ಮನ ಕಣ್ಣು ಸಣ್ಣಗಾದವು. ಮೊದಲು ಬಾಯಿ ಬಿಟ್ಟವಳು ಬಸಲಿಂಗಮ್ಮ.

"ಬೀಗರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇಷ್ಟು ಚಂದದ ಚಾಕು ನಿಮ್ಮ ಕಿಸ್ಯಾಗ ಇಟ್ಕೊಂಡು, ಮಗನ ಕೈಯಾಗ ಆ ಮುಳ್ಳುಕೊರಡು ಕೊಟ್ಟೀರಲ್ಲ, ಯಾಕ್ರಿ?"

ನೋಡಿ, ಎಂಥ ಇಕ್ಕಟ್ಟು! ಚಾಕು ನನ್ನದಲ್ಲ ಎಂದರೆ ಯಾರದು ಎನ್ನುತ್ತಾರೆ. ಮೈದುನನದು ಎಂದರೆ, ಎರಡು ದಿನದಿಂದ ಇಡೀ ಮನೆ ಹುಡುಕಿದ್ದು ಇದನ್ನೇ ಅಲ್ಲವೇ ಎನ್ನುತ್ತಾರೆ. ಮಗನ ಮದುವೆಯ ದಿನ ಬೀಗರ ಹಂದರದಲ್ಲಿ ಕಳ್ಳ ಎನಿಸಿಕೊಳ್ಳಬೇಕೋ, ಶೋಕಿಲಾಲ ಎನಿಸಿಕೊಳ್ಳಬೇಕೋ? ಸೂಗಪ್ಪ ಗಂಟಲು ಸರಿಮಾಡಿಕೊಂಡ.

"ಏನಿಲ್ರಿ ಬೀಗಿತಿಯವರ... ನನಗ ಮೊದಲಿನಿಂದ ಚಂದದ ಚಾಕು ಅಂದ್ರ ಜೀವ್ರಿ. ಕೈಬಿಟ್ಟು ಕೊಡಾಕ ಮನಸ್ಸು ಬರಲಿಲ್ಲ."

ಸಗರದ ಮಂದಿ ಅಯ್ಯೋ ಎಂದರು. ಶಹಾಪುರದ ಮಂದಿ ಕಿವಿಯಲ್ಲಿ ಬೆರಳಾಡಿಸಿಕೊಂಡರು. ಅಯ್ಯಣ್ಣ ಬಹಳ ಒಳ್ಳೆಯವನು, ಚಾಕು ನನ್ನದು ಎನ್ನಲಿಲ್ಲ. "ಹೌದ್ರಿ," ಎಂದ ಬೀಗಿತಿಗೆ, "ನಮ್ಮ ಮಾಮಾಗ ಒಂದು ಗೆರಿ ಬಿದ್ದ್ರೂ ನಿದ್ದಿ ಬರೂದಿಲ್ಲ."

ಮದುವೆ ಸುಸೂತ್ರವಾಗಿ ಆಯಿತು. ಅಕ್ಕಿಕಾಳು ಬಿದ್ದ ಕೂಡಲೆ ಭಾಗಮ್ಮ ಮಗನ ಕೈಯಿಂದ ಕಾಲುವೆ ಚಾಕು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಗಂಡನ ಮುಂದೆ ಕೈ ಚಾಚಿ ತಮ್ಮನ ಚಾಕುವನ್ನೂ ಇಸಿದುಕೊಂಡು ತಮ್ಮನಿಗೆ ಕೊಟ್ಟಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸೂಗಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆದರೂ ಅವನಿಗೆ ಒಳಗೊಳಗೇ ಒಂದು ಆಸೆ. ಸೋತಿದ್ದೇನೆ, ಸರಿ. ಹೆಂಡತಿ ಹಾಕಿದ ಚಾಕು ನನ್ನ ಕಿಸೆಗೆ ಎಂಬುದೂ ಸರಿ. ಹೆಂಡತಿ ಏನು ಹಾಕುತ್ತಾಳೆ? ತಮ್ಮನಿಗೆ ಹೇಳಿ ಮುಂಬೈಯಿಂದ ಅಂಥದ್ದೇ ಇನ್ನೊಂದು ತರಿಸುತ್ತಾಳೆ. ಇಂಥ ಸೋಲು ದಿನಾ ಬರಲಿ ಎಂದುಕೊಂಡ. ಒಂದು ವಾರ ಅವನು ಖಾಲಿ ಕಿಸೆಯಲ್ಲಿ, ತುಂಬಿದ ಭರವಸೆಯಲ್ಲಿ ಓಡಾಡಿದ.

ಎಂಟನೆಯ ದಿನ ಬೀಗರೂಟಕ್ಕೆ ಸಗರದವರು ಬಂದರು. ಊಟವಾಯಿತು. ಬಸಲಿಂಗಮ್ಮ ಕೆಂಪು ಮಕಮಲ್ಲಿನ ಒಂದು ಪೆಟ್ಟಿಗೆ ತಂದು ಬೀಗರ ಮುಂದಿಟ್ಟಳು. "ನಿಮಗ ಚಂದದ ಚಾಕು ಅಂದ್ರ ಜೀವ ಅಂದ್ರಲ್ಲ. ಸೋಲಾಪುರಕ್ಕ ಮಂದಿ ಕಳಿಸಿ ತರಿಸೇವಿ. ದಿನಾ ಬಳಸಬೇಕ್ರಿ ಮತ್ತ. ನಾವು ಬಂದಾಗೆಲ್ಲ ನಿಮ್ಮ ಕಿಸ್ಯಾಗ ಕಾಣಬೇಕು."

ಪೆಟ್ಟಿಗೆ ತೆಗೆದರೆ ಚಾಕು. ಚಿನ್ನದ ನೀರು ಕುಡಿದ ಹಿಡಿ, ಹಿಡಿಯ ತುಂಬ ನವಿಲು, ನವಿಲಿನ ಕಣ್ಣಿಗೆಲ್ಲ ಹಸಿರು ಕಲ್ಲು. ಅಲಗಿನ ಮೇಲೆ ಬಳ್ಳಿ, ಬಳ್ಳಿಯಲ್ಲಿ ಹೂವು. ಮುಖ ನೋಡಿಕೊಂಡು ಮೀಸೆ ಕತ್ತರಿಸಿಕೊಳ್ಳಬಹುದು, ಅಷ್ಟು ಹೊಳಪು. (ಕತ್ತರಿಸಿಕೊಳ್ಳಲಿಕ್ಕೆ ಕತ್ತರಿ ಬೇರೆ ಬೇಕು.) ಸೂಗಪ್ಪ ಅಲ್ಲೇ ತಟ್ಟೆಯಲ್ಲಿದ್ದ ಬಾಳೆಹಣ್ಣಿನ ಮೇಲೆ ಅದನ್ನು ಎಳೆದು ನೋಡಿದ. ಬಾಳೆಹಣ್ಣು ಬಗ್ಗಿತು, ತುಂಡಾಗಲಿಲ್ಲ.

"ಎಷ್ಟು ಚಂದ ಅದರೀ!" ಎಂದಳು ಭಾಗಮ್ಮ. ಎದ್ದು ಬಂದು, ಬೀಗರೆಲ್ಲ ನೋಡುತ್ತಿದ್ದಂತೆ, ತನ್ನ ಕೈಯಾರೆ ಅದನ್ನು ಗಂಡನ ಕಿಸೆಗೆ ಹಾಕಿ, ಮೇಲಿಂದ ಮೆತ್ತಗೆ ತಟ್ಟಿದಳು. "ನಾ ಹಾಕಿದ್ದೇ ಅಲ್ರಿ ಮತ್ತ? ನೀವ ಅಂದದ್ದು."

ಮರುದಿನ ಅಂಗಡಿಯಲ್ಲಿ ರಾಮಸಮುದ್ರದಿಂದ ಊರಿನ ತನ್ನ ಬೀಗರ ಮನೆಗೆ ಬಂದಿದ್ದ ಒಬ್ಬ ರೈತ ಹತ್ತು ಕಿಲೋ ಬಿಡಿ ಗೊಬ್ಬರ ಕೇಳಿದ. ಚೀಲ ಬಿಚ್ಚಬೇಕು. ಸೂಗಪ್ಪ ನವಿಲಿನ ಚಾಕು ತೆಗೆದು ಹೊಲಿಗೆಯ ಮೇಲೆ ಎಳೆದ. ಇನ್ನೊಮ್ಮೆ ಎಳೆದ. ಗರಗಸದ ಹಾಗೆ ಹಿಂದೆಮುಂದೆ ಆಡಿಸಿದ. ಹೊಲಿಗೆಗೆ ಕಚಗುಳಿಯಾದದ್ದು ಬಿಟ್ಟರೆ ಏನೂ ಆಗಲಿಲ್ಲ. ಹಸಿರು ಕಲ್ಲೊಂದು ಉದುರಿ ಗೊಬ್ಬರದ ಹರಳಿನಲ್ಲಿ ಕಲೆತುಹೋಯಿತು. ಬೇರೆ ಚಾಕು ಮುಟ್ಟುವಂತಿಲ್ಲ, ಮುಟ್ಟಿದರೆ ಅವನು ಸೂಗಪ್ಪನಲ್ಲ.

"ಯಾಕ್ರಿ ಸಾಹುಕಾರ್ರ, ಗೆರಿ ಬೀಳ್ತಾವೇನು?" ಎಂದ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ.

ಸೂಗಪ್ಪ ಎದ್ದು ಮನೆಗೆ ನಡೆದ. ಮನೆ ಎರಡು ಓಣಿ ಆಚೆ. ಅಡಿಗೆಮನೆಯ ಬಾಗಿಲಲ್ಲಿ ಹೊಸ ಸೊಸೆ ಚಂದಮ್ಮ ಕೂತು ಬದನೆಕಾಯಿ ಕೊಯ್ಯುತ್ತಿದ್ದಳು. ಕೈಯಲ್ಲಿ ಕಾಲುವೆ ಚಾಕು. ಸೂಗಪ್ಪ ದಿಟ್ಟಿಸಿದ. ಹಿಡಿಗೆ ಬಿಗಿಯಾಗಿ ಅರಿವೆಯ ಪಟ್ಟಿ ಸುತ್ತಿತ್ತು. ಅಲಗು ಅಲ್ಲಾಡುತ್ತಿರಲಿಲ್ಲ. ಸೆಟೆದ ಮೊಳೆ ಕಾಣಲೇ ಇಲ್ಲ.

"ಮೊಳಿ ಎಲ್ಲಿ ಹೋಯ್ತವ್ವ?"

"ಕಲ್ಲಿಗೆ ಉಜ್ಜಿ, ರುಬ್ಬೂ ಗುಂಡಿನಿಂದ ಎರಡು ಏಟು ಹಾಕಿದೆ ಮಾವ," ಎಂದಳು ಚಂದಮ್ಮ, ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತ. "ಒಂದು ಗಳಿಗಿ ಕೆಲಸ. ಭಾರಿ ಮಜಬೂತ್ ಚಾಕು ಅದ. ನೀವ್ಯಾಕ ಇಷ್ಟು ದಿನ ಹಂಗ ಬಿಟ್ಟಿದ್ರಿ?"

ಹನ್ನೆರಡು ವರ್ಷ, ಒಂದು ಗಳಿಗೆ. ಸೂಗಪ್ಪ ತನ್ನ ಅಂಗೈಯ ಗಂಟನ್ನು ಹೆಬ್ಬೆರಳಿನಿಂದ ಒತ್ತಿಕೊಂಡ. ನಾಚಿಕೆ ಆಯಿತು, ಸೊಸೆಯ ಮೇಲೆ ಹೆಮ್ಮೆಯೂ ಆಯಿತು. ಎರಡನ್ನೂ ನುಂಗಿಕೊಂಡು ಒಳಗಿದ್ದ ಹೆಂಡತಿಗೆ ಕೇಳುವ ಹಾಗೆ ಕೂಗಿದ. "ಭಾಗೀ, ಈ ಚಾಕು ಒಂದು ಗಳಿಗಿ ಕೊಡು. ನೀ ಕೊಟ್ರ ಮಾತು ಮುರದಂಗ ಆಗೂದಿಲ್ಲ. ಅಂಗಡ್ಯಾಗ ಚೀಲ ಬಿಚ್ಚೂದದ, ಗಿರಾಕಿ ಕುಂತಾನ."

ಭಾಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವುದನ್ನು ನಿಲ್ಲಿಸಲಿಲ್ಲ.

"ಚಾಕು ಈಗ ಕೆಲಸದಾಗ ಅದರೀ. ಬದನಿಕಾಯಿ ಆದಮ್ಯಾಲೆ ಉಳ್ಳಾಗಡ್ಡಿ ಅದ, ಉಳ್ಳಾಗಡ್ಡಿ ಆದಮ್ಯಾಲೆ ಕುಂಬಳಕಾಯಿ ಅದ."

"ಮತ್ತ ನಾ ಏನು ಮಾಡ್ಲಿ?"

"ಚೀಲ ಇಲ್ಲಿಗೇ ತೊಗೊಂಡು ಬರ್ರಿ."

ಸೂಗಪ್ಪ ಧೋತರ ಮೇಲೆ ಕಟ್ಟಿಕೊಂಡು, ಐವತ್ತು ಕಿಲೋ ಚೀಲ ತರಲು ಅಂಗಡಿಗೆ ಹೋದ.